ಕೊಯ್ಸಿದ ಮಂಡಿ

"ಕತ್ತಿ ಬಿದ್ದ ಕಾಲಲ್ವಾ ಗೌಡ್ರೇ, ನಾಳೆ ಹುಟ್ಟೋ ಮಕ್ಳಿಗೂ ಹೊಲಿಗೆ ಗುರ್ತು ಬಂದ್ರೆ?"

ಹೊಸನಗರದ ನಮ್ಮ ಮನೆಗೆ ನನ್ನನ್ನು ನೋಡಲು ಬಂದಿದ್ದ ಹುಡುಗನ ಸೋದರಮಾವ, ಚಾಪೆಯ ಮೇಲೆ ಕೂತು ಕಜ್ಜಾಯ ಮುರಿಯುತ್ತಾ ಅಪ್ಪಯ್ಯನನ್ನು ಹೀಗೆ ಕೇಳಿದರು. ಅರವತ್ತರ ದಶಕದ ಮಾತು. ನನ್ನ ಮಂಡಿಚಿಪ್ಪು ಹುಟ್ಟಿನಿಂದಲೇ ಇರಬೇಕಾದ ಜಾಗಕ್ಕಿಂತ ಮೇಲಿತ್ತು. ಕಾಲು ಮಡಚಿದರೆ ಪಕ್ಕಕ್ಕೆ ಜಾರಿ ನನ್ನನ್ನು ಕೆಡವುತ್ತಿತ್ತು. ಆಗುಂಬೆ ಘಟ್ಟ ಇಳಿದು ಹೋಗಿ, ದೊಡ್ಡಾಸ್ಪತ್ರೆಯಲ್ಲಿ ಅದನ್ನು ಕೆಳಕ್ಕೆ ಎಳೆದು ಕೂರಿಸುವ ಆಪರೇಷನ್ ಮಾಡಿಸಿದ್ದೆವು. ಆಮೇಲೆ ಒಮ್ಮೆಯೂ ಜಾರಲಿಲ್ಲ. ಅಪ್ಪಯ್ಯ ಇದನ್ನೆಲ್ಲ ಮುಚ್ಚಿಡದೆ ಹೇಳಿದ್ದೇ ತಪ್ಪಾಯಿತು. ಜಾರುವ ಮಂಡಿಯನ್ನು ಸೀರೆಯೊಳಗೆ ಬಚ್ಚಿಟ್ಟಿದ್ದರೆ ಈ ಮಹಾನುಭಾವರು ಖುಷಿಯಿಂದ ಒಪ್ಪುತ್ತಿದ್ದರು. ರಿಪೇರಿಯಾದ ಮಂಡಿ ಮಾತ್ರ ಅವರಿಗೆ ಬೇಡ!

ತಟ್ಟೆ ಖಾಲಿಯಾದ ಮೇಲೆಯೇ ಮಾವ ಈ ಸಂಬಂಧ ಆಗುವುದಿಲ್ಲವೆಂದರು. ಹೊರಡಲೆಂದು ಮಾವ ನೆಲಕ್ಕೆ ಕೈಯೂರಿ ಅರ್ಧ ಎದ್ದರು, ಮತ್ತೆ ಧೊಪ್ಪನೆ ಚಾಪೆಗೇ ಕೂತರು.

"ಸ್ವಲ್ಪ ಎಬ್ಸಿ ಮಾರಾಯ್ರೆ, ಮಂಡಿ ಹಿಡ್ಕಂಡಿದೆ!"

ಪಕ್ಕದಲ್ಲೇ ಇದ್ದ ಹುಡುಗ, ಏನು ಮಾಡಬೇಕೆಂದು ಯಾರಾದರೂ ಹೇಳಲಿ ಎಂಬಂತೆ ಸುಮ್ಮನೆ ನೋಡುತ್ತಿದ್ದ. ಎದುರಿಗೆ ಕೂತಿದ್ದ ನಾನು ಎಲ್ಲಿಯೂ ಕೈಯೂರದೆ ಎದ್ದು, ಮಾವನ ರಟ್ಟೆ ಹಿಡಿದು ಎಬ್ಬಿಸಿ, ಜಗಲಿಯವರೆಗೆ ನಡೆಸಿಕೊಂಡು ಹೋಗಿ ಚಪ್ಪಲಿಯ ಹತ್ತಿರ ಬಿಟ್ಟುಬಂದೆ.

ಮಂಡಿಯ ಮೇಲಿನ ಕಲೆ ಈಗ ಮಾಸಿದೆ. ಅದನ್ನು ನೋಡಿದಾಗಲೆಲ್ಲ ಒಂದೇ ಸಮಾಧಾನ: ಅವತ್ತು ಅವರು ಒಪ್ಪಿಬಿಟ್ಟಿದ್ದರೆ, ಆ ಮನೆಯ ಗಂಡಸರನ್ನೆಲ್ಲ ಎಬ್ಬಿಸಿ ನಿಲ್ಲಿಸುವುದರಲ್ಲೇ ನನ್ನ ಜನ್ಮ ಸವೆಯುತ್ತಿತ್ತು.