ಠಾಣೆಯವರೆಗೆ ತಡೆದವನು

ಈಚೆಗೆ ನಾನು ಬೂದು ಬಣ್ಣದ ಪ್ಯಾಂಟು ಹಾಕುವುದನ್ನು ಬಿಟ್ಟಿದ್ದೇನೆ. ಬೂದಿನಷ್ಟು ಚಾಡಿಕೋರ ಬಣ್ಣ ಇನ್ನೊಂದಿಲ್ಲ. ಒಂದು ಹನಿ ಬಿದ್ದರೂ ಊರಿಗೆಲ್ಲ ತೋರಿಸುತ್ತದೆ. ಕಪ್ಪು ಹಾಗಲ್ಲ, ಗುಟ್ಟು ಕಾಯುತ್ತದೆ. ಡೊಂಬಿವಲಿಯ ನಮ್ಮ ಕಟ್ಟಡದವರು ಮುದುಕನಿಗೆ ಈ ವಯಸ್ಸಿನಲ್ಲಿ ಶೋಕಿ ಹತ್ತಿದೆ ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ. ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ? ನನಗೆ ಮೂತ್ರ ಸೋರುತ್ತದೆ. ಅದೂ ಆಪರೇಷನ್ ಆಗಿ, ಎಲ್ಲ ಸರಿಹೋಯಿತೆಂದು ಪೇಡೆ ಹಂಚಿದ ಮೇಲೆ ಮತ್ತೆ ಶುರುವಾದದ್ದು.

ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರಕೋಶದ ಬಾಯಿಗೆ ಅಡ್ಡ ಕೂತಿತ್ತು. ಠಾಣೆ ಶಹರದ ಡಾಕ್ಟರರು ಅದನ್ನು ಕೆರೆದು ತೆಗೆದರು. ಮೊದಮೊದಲು ಸ್ವಲ್ಪ ಸೋರಿ ಆಮೇಲೆ ನಿಂತಿತು. ಮನೆಗೆ ಕಳಿಸುವಾಗ ಅವರೊಂದು ವ್ಯಾಯಾಮ ಹೇಳಿದ್ದರು: ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯು ಇದೆಯಲ್ಲ, ಅದನ್ನು ದಿನಾ ಬಿಗಿದು ಬಿಡಬೇಕು. 'ಮೂತ್ರ ತಡೆಯುವ' ಎಂಬಲ್ಲಿಗೇ ನಾನು ಕೇಳುವುದನ್ನು ನಿಲ್ಲಿಸಿದೆ. ಆ ವಿದ್ಯೆಯನ್ನು ನನಗೆ ಇನ್ನೊಬ್ಬರು ಕಲಿಸಬೇಕೆ?

ನಾನು ವಾಶಿಯ ಒಂದು ಉಡುಪಿ ಹೋಟೆಲಿನಲ್ಲಿ ಆಯುಷ್ಯವಿಡೀ ಗಲ್ಲದ ಮೇಲೆ ಕೂತವನು. ಗಲ್ಲವೆಂದರೆ ಹಣದ ಪೆಟ್ಟಿಗೆಯ ಜಾಗ. ಇನ್ನೊಬ್ಬ ನಂಬಿಕಸ್ಥ ಬಂದು ಕೂರುವವರೆಗೆ ಅದನ್ನು ಬಿಟ್ಟು ಏಳಬಾರದೆಂಬುದು ನಮ್ಮ ಹೋಟೆಲುಗಳ ಪದ್ಧತಿ. ಆ ನಂಬಿಕಸ್ಥ ಬರುವುದು ಊಟದ ರಶ್ ಮುಗಿದ ಮೇಲೆಯೇ. ಹಾಗಾಗಿ ಬೆಳಿಗ್ಗೆ ನೀರು ಮುಟ್ಟದೆ ಡೊಂಬಿವಲಿಯಲ್ಲಿ ಗಾಡಿ ಹತ್ತಿ, ಠಾಣೆಯಲ್ಲಿ ಬದಲಿಸಿ, ವಾಶಿಯಲ್ಲಿಳಿದು ಕೂತರೆ ಕೂತೆ. ಹೊಸ ಕ್ಯಾಶಿಯರುಗಳಿಗೆ ನಮ್ಮ ಧಣಿ, "ಇವ್ರನ್ನು ನೋಡಿ ಕಲೀರಿ, ಏಳುದೇ ಇಲ್ಲ" ಎನ್ನುತ್ತಿದ್ದರು. ಕೆಲವರು ಕಂಠದಿಂದ ಹೆಸರು ಮಾಡುತ್ತಾರೆ, ಕೆಲವರು ತೋಳ್ಬಲದಿಂದ. ನನ್ನ ಕೀರ್ತಿ ಇನ್ನೂ ಸ್ವಲ್ಪ ಕೆಳಗಿನದು.

ವಿಜ್ಞಾನದ ಬಲವೂ ನನಗಿತ್ತು. ಹೈಸ್ಕೂಲಿನಲ್ಲಿ ಮಾಸ್ತರರು ಹಲಗೆಯ ಮೇಲೆ ಮೂತ್ರಕೋಶವನ್ನು ಬರೆದಾಗ ಹುಡುಗರೆಲ್ಲ ಕಿಸಕ್ಕೆಂದೆವು. ಅವರು ಸಿಟ್ಟಿನಿಂದ ಅಳಿಸಿ ನೇರವಾಗಿ ಹೃದಯಕ್ಕೆ ಹೋದರು. ನನ್ನ ಕಣ್ಣಲ್ಲಿ ಉಳಿದದ್ದು ಮಡಕೆಯಂಥ ಒಂದು ಆಕೃತಿ ಮಾತ್ರ. ಮಡಕೆಯಲ್ಲಿ ನೀರಿಟ್ಟರೆ ಮಡಕೆಗೇನು ಕಷ್ಟ?

ಅಂತೂ ನಾನು ವ್ಯಾಯಾಮಕ್ಕೆ ಇಳಿದೆ, ಸ್ಟೇಷನ್ ಲೆಕ್ಕದಲ್ಲಿ. ಅವಸರವಾದಾಗ ಡೊಂಬಿವಲಿಯಲ್ಲಿ ಗಾಡಿ ಹತ್ತುವುದು, ದಿವಾದವರೆಗೆ ತಡೆಯುವುದು. ಅದನ್ನು ಸಾಧಿಸಿದ ಮೇಲೆ ಮುಂಬ್ರಾ. ಆಮೇಲೆ ಠಾಣೆ. ಠಾಣೆ ಮುಟ್ಟಿದ ದಿನ ಮನೆಯವಳಿಗೆ ಹೂವು ತಂದಿದ್ದೆ. ಏಕೆಂದು ಹೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಪಾಪ ನನ್ನೊಬ್ಬನದಾಗುತ್ತಿತ್ತು. ಪಕ್ಕದ ಕಟ್ಟಡದ ಬಸಣ್ಣನವರು ವಿಜಯಪುರದ ಕಡೆಯವರು, ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿಯ ಸಗಟು ವ್ಯಾಪಾರ ಮಾಡಿದವರು. ನನ್ನ ನಂತರ ಅವರಿಗೂ ಬೇರೆ ಆಸ್ಪತ್ರೆಯಲ್ಲಿ ಇದೇ ಆಪರೇಷನ್ ಆಯಿತು. ಪಾರ್ಕಿನ ಬೆಂಚಿನ ಮೇಲೆ ನನ್ನ ಪಾಠ ಕೇಳಿ ಬೆರಗಾದರು.

"ನಮ್ಮ ಡಾಕ್ಟರ ಹಿಂಗ ಬಿಡಿಸಿ ಹೇಳಲೇ ಇಲ್ಲ ನೋಡ್ರಿ ಶೆಟ್ರ."

"ಡಾಕ್ಟ್ರು ಕಾರಲ್ಲಿ ಹೋಗುವವರು ಬಸಣ್ಣ. ಅವರಿಗೆ ಇದೆಲ್ಲ ಎಂತ ಗೊತ್ತುಂಟು?"

ಕೆಲವು ತಿಂಗಳಾದ ಮೇಲೆ ನನಗೆ ಕೆಮ್ಮಿದರೆ ಒಂದು ಹನಿ, ನಕ್ಕರೆ ಎರಡು. ಆಮೇಲೆ ಕೆಮ್ಮು ನಗು ಯಾವುದೂ ಬೇಡವಾಯಿತು. ನಾನು ಅಪರಾಧಿಯನ್ನು ಹುಡುಕಲು ಹೊರಟೆ. ಥಂಡಿ ಗಾಳಿ, ಆಸ್ಪತ್ರೆಯ ಕತ್ತರಿ, ಕೊನೆಗೆ ನನ್ನ ಹೆಂಡತಿ ಸುಮತಿ ಮಾಡುವ ಹುರುಳಿ ಸಾರು.

"ನನ್ನ ಸಾರಿನ ಮೇಲೆ ಹಾಕ್ಬೇಡಿ ಮಾರಾಯ್ರೆ," ಎಂದಳು ಅವಳು. "ನಾಳೆ ಡಾಕ್ಟ್ರ ಹತ್ರ ನಾನೂ ಬರ್ತೇನೆ."

ಡಾಕ್ಟರರು ಕಾರಣಗಳನ್ನು ಸಾವಧಾನವಾಗಿ ಹೇಳಿದರು: ಸೋಂಕು, ಸಕ್ಕರೆ ಕಾಯಿಲೆ, ಹಳೆ ಕೆಮ್ಮು, ಮಲಬದ್ಧತೆ, ಅತಿಯಾದ ಚಹಾ, ಬಿ.ಪಿ.ಯ ಕೆಲವು ಮಾತ್ರೆ, ಆಪರೇಷನ್ ಆದ ಜಾಗದಲ್ಲಿ ಗಾಯ ಮಾಯುವಾಗ ದಾರಿ ಬಿಗಿಯಾಗುವುದು. ಒಂದೊಂದಕ್ಕೂ ನಾನು 'ಇಲ್ಲ, ಇಲ್ಲ' ಎಂದು ಪರೀಕ್ಷೆಯಲ್ಲಿ ಪಾಸಾಗುವವನಂತೆ ತಲೆಯಾಡಿಸಿದೆ. ಸೋನೋಗ್ರಫಿಯಲ್ಲಿ ಮಾತ್ರ, ನಾನು ಮೂತ್ರಕ್ಕೆ ಹೋಗಿ ಬಂದ ಮೇಲೂ ಒಳಗೆ ಅರ್ಧಕ್ಕರ್ಧ ಉಳಿದಿರುವುದು ಕಂಡಿತು. ಆಗ ಸುಮತಿ ನನ್ನ ರೈಲು ವ್ಯಾಯಾಮವನ್ನು ಬಯಲು ಮಾಡಿದಳು. ಎಲ್ಲ ತಿಳಿದೇ ಇತ್ತು ಅವಳಿಗೆ.

ಡಾಕ್ಟರರು ಪೆನ್ನು ಕೆಳಗಿಟ್ಟರು. "ಆಜೋಬಾ," ಎಂದರು. ಅದು ಮರಾಠಿಯಲ್ಲಿ ಅಜ್ಜ. ಬೈಯುವ ಮುಂಚಿನ ಮರ್ಯಾದೆ. ಮೂತ್ರಕೋಶವೂ ಸ್ನಾಯುವೇ. ದಿನಾ ಹೀಗೆ ಹಿಗ್ಗಿಸಿದರೆ ಅದು ಸೋತು, ಪೂರ್ತಿ ಹೊರಗೆ ತಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಒಳಗೆ ಉಳಿದದ್ದು ತಾನಾಗಿ ತುಳುಕುತ್ತದೆ, ಅಲ್ಲೇ ನಿಂತು ಸೋಂಕನ್ನೂ ಕರೆಯುತ್ತದೆ. ಬಿಗಿದು ಬಿಡುವ ವ್ಯಾಯಾಮ ಮಾಡಬೇಕಾದದ್ದು ಮೂತ್ರ ಮಾಡಿ ಬಂದ ಮೇಲೆ. ಇಷ್ಟು ಹೇಳಿ ತಮಾಷೆಗೆ ಕೇಳಿದರು: "ಬೇರೆ ಯಾರಿಗೂ ಕಲಿಸಿಲ್ಲವಷ್ಟೆ?"

ಸುಮತಿ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರ ನೋಡಿದೆ.

ಒಂದು ವಾರ ನಾನು ಪಾರ್ಕಿಗೆ ಹೋಗಲಿಲ್ಲ. ಸೋರುವುದಕ್ಕಿಂತ, ಗುರುವಿನ ಪೀಠದಿಂದ ಇಳಿಯುವುದೇ ಹೆಚ್ಚು ನಾಚಿಕೆಯ ಸಂಗತಿಯಾಗಿತ್ತು. "ಬಸಣ್ಣನಿಗೆ ಹೇಳಿದ್ರಾ?" ಎಂದು ಸುಮತಿ ದಿನಾ ಕೇಳುತ್ತಿದ್ದಳು. ಕೊನೆಗೆ ಅವಳೇ ನನ್ನನ್ನು ಚಪ್ಪಲಿ ಮೆಟ್ಟಿಸಿ ಅವರ ಮನೆಗೆ ಅಟ್ಟಿದಳು. ಬಸಣ್ಣ ಸೆಖೆಯಲ್ಲೂ ಶಾಲು ಹೊದ್ದು ಕೂತಿದ್ದರು.

"ಚಳಿಜ್ವರ ಬಂದಾವ್ರಿ ಶೆಟ್ರ. ಹೋಗಾಗ ಬೆಂಕಿ ಬಿದ್ದಂಗ ಉರಿತೈತಿ. ಆದ್ರೂ ಅಭ್ಯಾಸ ಬಿಟ್ಟಿಲ್ಲ. ಮೊನ್ನೆ ಠಾಣೆ ಮುಟ್ಟೀನಿ!"

ಆಗಲೂ ನಿಜ ಹೇಳಲಿಲ್ಲ. ನಮ್ಮ ಡಾಕ್ಟರಿಗೆ ತೋರಿಸುವ, ಏಳಿ ಎಂದೆನಷ್ಟೆ. ಶಿಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದು ಬೇಡವೆಂದು ಇಬ್ಬರೂ ಲೋಕಲ್ ಹತ್ತಿದೆವು. ಮಧ್ಯಾಹ್ನ, ಕೂರಲು ಜಾಗ ಸಿಕ್ಕಿತು. ಕೋಪರ್ ಸ್ಟೇಷನ್ ದಾಟುವಷ್ಟರಲ್ಲಿ ಬಸಣ್ಣನ ಮುಖ ಬಿಳಿಚಿಕೊಂಡಿತು, ಮುಷ್ಟಿ ಬಿಗಿಯಾಯಿತು.

"ದಿವಾ ಬಂತು. ಇಳಿಯುವ ಬಸಣ್ಣ."

"ಏ, ಠಾಣೆ ತನಕಾ ತಡೀತೀನ್ರಿ. ನೀವ ಕಲಿಸಿದ್ದಲ್ಲೇನು?"

ಅವರ ರಟ್ಟೆ ಹಿಡಿದು ಇಳಿಸಿದೆ. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಒಂದೇ ಉಸಿರಿಗೆ ಹೇಳಿದೆ: "ನಾನು ಕಲಿಸಿದ್ದು ತಪ್ಪು. ನನಗೇ ವಾಪಸ್ ಸೋರ್ತಾ ಉಂಟು. ಡಾಕ್ಟ್ರು ಬೈದು ವಾರ ಆಯ್ತು. ನಾಚಿಕೆಗೆ ನಿಮಗೆ ಹೇಳ್ಲಿಲ್ಲ. ನಿಮ್ಮ ಈ ಜ್ವರ ನನ್ನಿಂದ."

ಬಸಣ್ಣ ನನ್ನನ್ನು ನುಂಗುವಂತೆ ನೋಡಿದರು. "ವಾರಾ ಆತು? ಶೆಟ್ರ, ಈ ಜಗಳ ಆಮ್ಯಾಲ ಮಾಡ್ತೀನಿ. ಮೊದಲ ಜಾಗಾ ತೋರಸ್ರಿ!"

ಬಹಳ ಹೊತ್ತಿನ ಮೇಲೆ ಹೊರಗೆ ಬಂದರು. ನಾನು ಅವರ ಆಸ್ಪತ್ರೆಯ ಕಾಗದಗಳ ಚೀಲ ಹಿಡಿದು ತಲೆ ತಗ್ಗಿಸಿ ನಿಂತಿದ್ದೆ. "ಬೈಬೇಕಂತ ಹೋಗಿದ್ದೆ. ಸಿಟ್ಟೂ ಅದರ ಕೂಡನ ಹೋತು ನೋಡ್ರಿ," ಎಂದು ನನ್ನ ಕೈಯ ಚೀಲ ಕಿತ್ತುಕೊಂಡರು. "ನೀವೂ ಹೋಗಿ ಬರ್ರಿ. ಗಾಡಿ ಇನ್ನೊಂದು ಬರ್ತೈತಿ."

ಸೋಂಕು ಮೂತ್ರಪಿಂಡಕ್ಕೆ ಏರುವ ಮೊದಲೇ ಬಂದದ್ದು ಒಳ್ಳೆಯದಾಯಿತೆಂದು ಡಾಕ್ಟರರು ಅವರಿಗೆ ಮಾತ್ರೆ ಕೊಟ್ಟರು. ನನಗೆ ಬೈಗುಳದ ಎರಡನೆಯ ಡೋಸ್. ಜ್ವರ ಇಳಿಯಿತು. ನನ್ನ ಸೋರಿಕೆ ಕಡಿಮೆಯಾಗುತ್ತಿದೆ, ಪೂರ್ತಿ ನಿಲ್ಲುವುದೆಂದೂ ನನಗೆ ಖಾತ್ರಿಯಿದೆ. ಮೊನ್ನೆ ಇಬ್ಬರೂ ಮತ್ತೆ ತೋರಿಸಿಕೊಂಡು, ಠಾಣೆ ಸ್ಟೇಷನ್ನಿನಲ್ಲೇ ಹೋಗಿ ಬಂದು ಗಾಡಿಯಲ್ಲಿ ಕೂತಾಗ ಬಸಣ್ಣ ಮೊಣಕೈಯಿಂದ ತಿವಿದರು.

"ಶೆಟ್ರ, ಈಗ ಇಬ್ಬರೂ ಖಾಲಿ ಅದೀವಿ. ಸುರು ಮಾಡೋಣೇನು?"

ಶುರು ಮಾಡಿದೆವು. ಬಿಗಿಯುವುದು, ಬಿಡುವುದು. ಎದುರಿನ ಸೀಟಿನವರಿಗೆ ಇಬ್ಬರು ಮುದುಕರು ಮಾತಿಲ್ಲದೆ ಕಿಟಕಿಯಾಚೆ ಖಾಡಿಯ ಹಿನ್ನೀರು ನೋಡುತ್ತಿರುವಂತೆ ಕಂಡಿರಬೇಕು.