ಕುಣಿಮಗ್ಗದ ಗಾದಿ

ಕುರು ಹುಡುಕುವುದೇ ನನ್ನ ಕೆಲಸ ಅಂದರೆ ಜನ ಮೂಗು ಮುರಿಯುತ್ತಾರೆ. ಮುರಿಯಲಿ. ಮಾಮೂಲಿ ಔಷಧಿಗೆ ಜಗ್ಗದ ರೋಗಾಣು ಯಾರದಾದರೂ ಕೀವಿನಲ್ಲಿ ಸಿಕ್ಕರೆ ಆಸ್ಪತ್ರೆಯವರು ನನಗೆ ಹೇಳುತ್ತಾರೆ. ಆ ಮನೆಗೆ ಹೋಗಿ, ಇನ್ಯಾರಿಗೆ ಕುರು ಎದ್ದಿದೆ, ಯಾರ ಟವೆಲಿನಲ್ಲಿ ಯಾರು ಮೈ ಒರೆಸುತ್ತಾರೆ ಎಂದು ಕೆದಕಿ ಕೆದಕಿ ಕೇಳುವ ನರ್ಸ್ ನಾನು.

ನಾರಾಯಣಪೇಟೆಯ ಆ ನೇಕಾರರ ಮನೆಗೂ ಹಾಗೇ ಹೋದೆ. ಯಜಮಾನರ ತೊಡೆಯ ಕುರುವಿನ ನಂಜು ರಕ್ತಕ್ಕೇರಿ, ಜೀವ ಹೋಗಿ ಬಂದಂತಾಗಿತ್ತು. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದರು, ಗಾಯ ಇನ್ನೂ ಹಸಿಯಿತ್ತು. ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವಳು, ಚಹಾ ಕೊಟ್ಟು, ಮಕ್ತಲ್‌ನಿಂದ ಬಸುರಿ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರುವ ಸಂಭ್ರಮ ಹೇಳತೊಡಗಿದಳು.

ನಾನು ಲೋಟ ಕೆಳಗಿಟ್ಟೆ. "ಈಗ ಕರ್ಕೊಂಡು ಬರಬ್ಯಾಡ್ರಿ, ಅಕ್ಕ. ಕೂಸಿನ ಚರ್ಮ ಭಾಳ ಎಳೇದು. ಇದು ಎಲ್ಲಿಂದ ಬಂತು ಗೊತ್ತಾಗ್ಲಿ, ಗಾಯ ಮಾಯ್ಲಿ."

ಅಕ್ಕ ಸಿಡಿದೆದ್ದಳು. "ಏನಂತೀ ಯವ್ವಾ? ಚೊಚ್ಚಲ ಬಾಣಂತನ ಅತ್ತಿ ಮನ್ಯಾಗ ಮಾಡಸ್ಲೇನು? ಬೀಗರ ಮುಂದ ನಮ್ಮ ಮಾನ ಕಳ್ಯಾಕ ಬಂದೀಯೇನು?"

"ಅಕಿ ಹೇಳಿದಂಗ ಕೇಳು," ಅಂದರು ಯಜಮಾನರು ಗೋಡೆ ಕಡೆ ಮುಖ ಮಾಡಿ. "ನನಗಾದದ್ದು ಕೂಸಿಗಾದ್ರ ನಾ ಬದುಕಂಗಿಲ್ಲ." ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು.

ಮನೆಯೆಲ್ಲ ಜಾಲಾಡಿದೆ. ಬೇರೆ ಯಾರಿಗೂ ಕುರು ಇರಲಿಲ್ಲ. ಯಜಮಾನರು ಆಸ್ಪತ್ರೆಯಲ್ಲಿದ್ದಾಗ ಗದ್ವಾಲದಲ್ಲಿರುವ ಅವರ ತಮ್ಮ ಬಂದು ಅರ್ಧಕ್ಕೆ ನಿಂತಿದ್ದ ಸೀರೆ ಮುಗಿಸಿಕೊಟ್ಟನೆಂದು ಆಗ ಅಕ್ಕನಿಗೆ ನೆನಪಾಯಿತು. "ಅವಗೇನೂ ಇಲ್ಲ ಬಿಡು, ಗಟ್ಟಿ ಆಳು," ಅಂದಳು.

ಬಸ್ಸು ಹತ್ತಿ ಗದ್ವಾಲಕ್ಕೆ ಹೋಗಿ ನೋಡಿದರೆ ಗಟ್ಟಿ ಆಳು ಬೋರಲು ಮಲಗಿದ್ದಾನೆ! ಮೈ ಕೆಂಡದಂತೆ ಸುಡುತ್ತಿತ್ತು.

"ಯಾಕ ಯಾರಿಗೂ ಹೇಳಿಲ್ಲ?" ಎಂದು ರೇಗಿದೆ.

"ಕುಂಡಿ ಮ್ಯಾಲಿನ ಕುರು ಅತ್ತಿಗಿಗೆ ಹೆಂಗ ಹೇಳ್ಲಿ ಸಿಸ್ಟರಮ್ಮ?" ಅಂದ. ಬೈಯಬೇಕೋ ನಗಬೇಕೋ ತಿಳಿಯಲಿಲ್ಲ, ಎರಡೂ ಮಾಡಿದೆ. ಆಸ್ಪತ್ರೆಗೆ ಹೊರಡಿಸುತ್ತಾ, ಅಣ್ಣನ ಮನೆಯಲ್ಲಿ ಎಲ್ಲಿ ಕೂತು ನೇಯ್ದೆ ಎಂದು ಕೇಳಿದೆ.

"ಅಣ್ಣನ ಗಾದಿ ಮ್ಯಾಲ. ಮತ್ತೆಲ್ಲಿ?"

ಅವನ ಕೀವಿನಲ್ಲೂ ಅದೇ ರೋಗಾಣು ಸಿಕ್ಕಿತು. ನಾರಾಯಣಪೇಟೆಗೆ ವಾಪಸು ಬಂದು, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಂಚಿನ ಗಾದಿ ಎತ್ತಿದೆ. ಹಳೆ ಸೀರೆಗಳನ್ನು ಮಡಿಸಿ ಹೊಲಿದದ್ದು. ಒಂದು ಮಗ್ಗುಲಲ್ಲಿ ಕಲೆ ಒಣಗಿ ಕಪ್ಪಾಗಿತ್ತು.

"ಇದನ್ನ ಒಗೀತೀರೇನು?"

"ಮಗ್ಗದ ಗಾದಿ ಯಾರರ ಒಗೀತಾರೇನ?" ಅಂದಳು ಅಕ್ಕ. "ಒಗದ್ರ ಉಬ್ಬತೈತಿ. ಕುಂತ ಎತ್ತರ ಕೆಟ್ಟು, ತುಳಿಯೋ ಹಲಗಿ ಕಾಲಿಗೆ ಸಿಗಂಗಿಲ್ಲ."

ನನಗೆ ತಲೆ ಕೆಟ್ಟಿತು. "ಕಾಲಿಗೆ ಹಲಗಿ ಸಿಗ್ಬೇಕೋ, ಕೈಗೆ ಮೊಮ್ಮಗು ಸಿಗ್ಬೇಕೋ?"

ಅಕ್ಕ ಗಾದಿಯನ್ನು ಹಿತ್ತಲಿಗೆ ಒಯ್ದು ಸುಟ್ಟಳು. ಬಟ್ಟೆಗಳನ್ನು ಕುದಿಸಿದಳು, ಒಬ್ಬೊಬ್ಬರಿಗೆ ಒಂದೊಂದು ಟವೆಲ್ ಮಾಡಿದಳು. ಗಾದಿಯೊಂದೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಅಣ್ಣ ತಮ್ಮ ಇಬ್ಬರ ಗಾಯಗಳೂ ಮಾಯ್ದವು, ಹೊಸ ಕುರು ಯಾರಿಗೂ ಏಳಲಿಲ್ಲ. ಇನ್ನು ಕರೆತರಬಹುದು ಎಂದು ಡಾಕ್ಟರು ಹೇಳಿದ ದಿನ ಅಕ್ಕ ನನ್ನ ಗಲ್ಲ ಹಿಂಡಿದಳು. ಬೈದದ್ದನ್ನು ಮರೆತೇಬಿಟ್ಟಿದ್ದಳು, ಪುಣ್ಯಾತಗಿತ್ತಿ.

ಮಗಳಿಗೆ ಹೆಣ್ಣು ಕೂಸಾಯಿತು. ನೋಡಲು ಹೋದರೆ ಯಜಮಾನರು ಕೈ ಹಿಂದೆ ಕಟ್ಟಿ ಬಾಗಿಲಲ್ಲೇ ನಿಂತಿದ್ದರು. ಹುಟ್ಟಿದಾಗಿನಿಂದ ಕೂಸನ್ನು ಮುಟ್ಟಿರಲಿಲ್ಲವಂತೆ.

"ನೀನ ಹೇಳ್ಬೇಕವ್ವ," ಅಂದರು.

ತೊಡೆ ನೋಡಿದೆ. ಗಾಯದ ಗುರುತಷ್ಟೇ ಉಳಿದಿತ್ತು. "ಕೈ ತೊಳ್ಕೊಂಡು ಎತ್ಕೋರಿ, ಏನೂ ಆಗಂಗಿಲ್ಲ," ಅಂದೆ.

ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದರು, ಮತ್ತೆ ಹಚ್ಚಿದರು. "ಸಾಕ್ರಿ, ತೊಗಲು ಕಿತ್ತು ಬಂದೀತು!" ಎಂದು ಅಕ್ಕ ಒಳಗಿಂದ ಕೂಗಿದಳು. ಮಗ್ಗದ ಹೊಸ ಗಾದಿಯ ಮೇಲೆ ಕೂತು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡರು. ಇಟ್ಟುಕೊಂಡದ್ದೇ ತಡ, ಅದು ಅಜ್ಜನ ಪಂಚೆ, ಗಾದಿ ಎಲ್ಲ ತೋಯಿಸಿತು.

ಯಜಮಾನರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. "ಏ ಇಕಿನ," ಎಂದು ಹೆಂಡತಿಯನ್ನು ಕರೆದರು, "ಗಾದಿ ಒಗ್ಯಾಕ ಹಾಕು."