ಅಪ್ಪನ ಜೇಬಿನಲ್ಲಿದ್ದ ಬೀಗದ ಕೈ

ಗಲಾಟೆಯಾದರೆ ಚರ್ಚಿನ ಹಾಲ್ ತೆರೆಯುತ್ತೇವೆ ಎಂದು ಮುಸ್ಲಿಂ ನೆರೆಯವರಿಗೆ ಮಾತು ಕೊಟ್ಟಿದ್ದೆವು. ತೆರೆಯಲಿಲ್ಲ. ಜೊತೆಗೆ ನಿಲ್ಲುತ್ತೇವೆ ಎಂದಿದ್ದೆವು. ನಿಲ್ಲಲಿಲ್ಲ.

ಇವತ್ತು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯುವ ವಾಸನೆ ಬಡಿದಾಗ ಗೆಳತಿ ನೂರಿ ನೆನಪಾದಳು. ಅವಳಪ್ಪ ನೂಲು ಬಿಚ್ಚುವ ರೀಲರ್; ಪ್ರತಿ ಕ್ರಿಸ್‌ಮಸ್ಸಿಗೂ ಯೇಸು ಹುಟ್ಟಿದ ಕೊಟ್ಟಿಗೆಯಂತೆ ನಾವು ಕಟ್ಟುವ ಗೋದಲಿಗೆ ನಕ್ಷತ್ರ ಕಟ್ಟುತ್ತಿದ್ದವರು. ವರ್ಷಗಳ ಹಿಂದೆ, ಗಲಾಟೆಯಾಗಿ ಬೀದಿಯಲ್ಲಿ ಕಲ್ಲು ಬಿದ್ದ ಮಧ್ಯಾಹ್ನ ಅವರು ಮನೆಮಂದಿಯೊಡನೆ ಹಾಲ್ ಬಾಗಿಲಿಗೆ ಬಂದರು.

"ಬೀಗದ ಕೈ ಸಿಗ್ತಿಲ್ಲ ಭಾಯ್," ಎಂದರು ಹಾಲ್ ನೋಡಿಕೊಳ್ಳುತ್ತಿದ್ದ ನನ್ನಪ್ಪ. ಅದು ಅಪ್ಪನ ಜೇಬಿನಲ್ಲೇ ಇದ್ದದ್ದು ನನಗೆ ಗೊತ್ತಿತ್ತು.

"ನೀನಾದ್ರೂ ಹೇಳೇ, ಎಲ್ಲಿದೆ?" ಎಂದು ನೂರಿ ನನ್ನನ್ನು ಕೇಳಿದಳು. ನಾನು ಬಾಯಿ ಬಿಡಲಿಲ್ಲ. ನೂರಿಯ ಮನೆಯವರು ತಿರುಗಿ ನಡೆದರು. ಆ ವರ್ಷ ಗೋದಲಿಗೆ ನಕ್ಷತ್ರವಿರಲಿಲ್ಲ.

ಈಗ ಹಾಲ್ ನೋಡಿಕೊಳ್ಳುವವಳು ನಾನು; ಬೀಗದ ಕೈ ನನ್ನ ಬಳಿಯಿದೆ. ನೂರಿಯನ್ನು ಕರೆದಿದ್ದೇನೆ. ಅಂದು ನುಂಗಿದ ಮಾತನ್ನು ಎಲ್ಲರೆದುರು ಹೇಳುತ್ತೇನೆ. ಚರ್ಚಿನವರೂ ನೆರೆಯವರೂ ಸೇರುವ ಸಭೆ ಅದೇ ಹಾಲ್‌ನಲ್ಲಿ, ಭಾನುವಾರ, ಸಂಜೆ ನಾಲ್ಕು ಗಂಟೆಗೆ.